ಬೆನ್ನ ಹಿಂದೆ ಕೈ ತಟ್ಟಿದ ಸದ್ದು

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನಿಮಗೆ ನನ್ನ ಮೇಲೆ ಅನುಮಾನ ಬರುವುದು ಸಹಜ. ಚನ್ನಪಟ್ಟಣದಲ್ಲಿ ನಮ್ಮ ಖಾಲಾ, ಅಂದರೆ ಅಮ್ಮನ ತಂಗಿ, ಜಿನ್ನುಗಳ ಕಥೆ ಹೇಳಲು ಶುರುಮಾಡಿದರೆ ಮನೆಯ ಮಕ್ಕಳೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದರು. ನಾನೊಬ್ಬ ಮಾತ್ರ ನೀವೇ ಕಣ್ಣಾರೆ ನೋಡಿದ್ರಾ ಅಂತ ಕೇಳಿ ಬೈಸಿಕೊಳ್ಳುತ್ತಿದ್ದೆ. ದೊಡ್ಡವನಾಗಿ ಸೇರಿದ್ದೂ ಅಂಥದ್ದೇ ಕೆಲಸಕ್ಕೆ, ಚೆನ್ನೈಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗಕ್ಕೆ. ಸಿಗ್ನಲ್ ಕೆಂಪಾಗಿಯೇ ನಿಂತುಬಿಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಇಲಿ ಕಡಿದ ವೈರು, ನೀರು ಹೊಕ್ಕ ಪೆಟ್ಟಿಗೆ, ಸುಟ್ಟುಹೋದ ಫ್ಯೂಸು, ಹೀಗೆ ಏನೋ ಒಂದು. ಕಾರಣ ಸಿಗುವವರೆಗೆ ನಾವು ಮನೆಗೆ ಹೋಗುವ ಹಾಗಿಲ್ಲ. ಈಗ ಹೇಳಲಿರುವ ವಿಷಯಕ್ಕೆ ಮಾತ್ರ ಕಾರಣ ಇನ್ನೂ ಸಿಕ್ಕಿಲ್ಲ.

ಮೊದಲು ನನ್ನ ಹೆಂಡತಿ ನಸೀಮಾಳ ವಿಷಯ ಹೇಳಬೇಕು. ಕೊರೊನಾ ಕಾಲದಲ್ಲಿ ಮಸೀದಿಗಳು ಮುಚ್ಚಿದಾಗ ಚೆನ್ನೈ ಮಾಧವರಂನ ನಮ್ಮ ಫ್ಲಾಟಿನಲ್ಲೇ ನಮಾಜ್ ಮಾಡುತ್ತಿದ್ದೆವು. ಇಮಾಮನಾಗಿ ಮುಂದೆ ನಾನು, ಹಿಂದೆ ಅವಳು, ಮನಸ್ಸು ಬಂದ ದಿನ ಅವಳ ಪಕ್ಕದಲ್ಲಿ ಮಗಳು ಅಫ್ರೀನ್. ಅಲ್ಲಿಯವರೆಗೆ ಬೇರೆಯವರ ಹಿಂದೆ ನಿಂತೇ ಅಭ್ಯಾಸವಾಗಿದ್ದ ನನಗೆ ಮುಂದೆ ನಿಂತರೆ ಎಷ್ಟನೆಯ ರಕಾತ್ ಅನ್ನುವುದೇ ತಪ್ಪಿಹೋಗುತ್ತಿತ್ತು. ರಕಾತ್ ಅಂದರೆ ನಿಂತು, ಬಾಗಿ, ಹಣೆಯನ್ನು ನೆಲಕ್ಕಿಟ್ಟು ಸಜ್ದಾ ಮಾಡಿ ಏಳುವ ಒಂದು ಸುತ್ತು. ಇಳಿಹೊತ್ತಿನ ಅಸರ್ ನಮಾಜಿನಲ್ಲಿ ಅಂಥವು ನಾಲ್ಕು. ಎರಡಾದ ಮೇಲೆ ಒಮ್ಮೆ ಕೂರಬೇಕು, ನಾಲ್ಕೂ ಆದ ಮೇಲೆ ಕೂತು ಬಲಕ್ಕೂ ಎಡಕ್ಕೂ ಸಲಾಂ ಹೇಳಿ ಮುಗಿಸಬೇಕು.

ಇಮಾಮ್ ತಪ್ಪಿದರೆ ಹಿಂದಿರುವ ಗಂಡಸರು ಸುಬ್‌ಹಾನಲ್ಲಾಹ್ ಅಂತ ಹೇಳಿ ಎಚ್ಚರಿಸುತ್ತಾರೆ. ಹೆಂಗಸರು ಬಾಯಿ ಬಿಡುವುದಿಲ್ಲ, ಬಲಗೈ ಬೆರಳುಗಳಿಂದ ಎಡಗೈಯ ಹಿಂಬದಿಗೆ ಒಂದು ಸಲ ತಟ್ಟುತ್ತಾರೆ. ನಸೀಮಾ ಮೊದಲ ಸಲ ತಟ್ಟಿದಾಗ ಸೊಳ್ಳೆ ಹೊಡೆದಳು ಅಂದುಕೊಂಡು ನಾನು ನನ್ನ ಪಾಡಿಗೆ ಮುಂದುವರಿದಿದ್ದೆ. ಆ ಸೊಳ್ಳೆಯ ಮಾತೆತ್ತಿ ಅವಳು ಎಷ್ಟು ಕಾಲ ನನ್ನನ್ನು ಆಡಿಕೊಂಡಳೋ ಲೆಕ್ಕವಿಲ್ಲ. ಮಸೀದಿ ತೆರೆದ ಮೇಲೂ ನಾನು ಮನೆಯಲ್ಲಿದ್ದ ದಿನ ಹೀಗೆ ಒಟ್ಟಿಗೆ ನಿಲ್ಲುವುದು ರೂಢಿಯಾಯಿತು. ಅವಳು ಕೈ ತಟ್ಟುವ ಸದ್ದು ನನಗೆ ಚೆನ್ನಾಗಿ ಗೊತ್ತು. ಮೊದಲು ಟಪ್ ಅಂತ ಕೈ, ಅದರ ಬೆನ್ನಿಗೇ ಚಿನ್ನದ ಬಳೆಗಳ ಸಣ್ಣ ಸದ್ದು.

ಆಮೇಲೊಂದು ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಜ್ವರ ಇಳಿದಿತ್ತು, ಇನ್ನೇನು ಮನೆಗೆ ಕಳಿಸುತ್ತಾರೆ ಅಂದುಕೊಂಡ ದಿನವೇ ಐಸಿಯುಗೆ ಸೇರಿಸಿದರು. ಕೈ ಊದಿಕೊಂಡು ಬಳೆಗಳು ಬಿಗಿಯುತ್ತಿವೆ ಅಂತ ನರ್ಸ್ ಅವನ್ನು ಕತ್ತರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ನಸೀಮಾ ಉಳಿಯಲಿಲ್ಲ. ಆ ಕವರನ್ನು ತಂದು ಅಲ್ಮೇರಾದಲ್ಲಿಟ್ಟೆ.

ಆಮೇಲಿನ ದಿನಗಳಲ್ಲಿ ನನಗೆ ಅಳು ಬರಲಿಲ್ಲ, ಒಂದು ಕಡೆ ಕೂರಲು ಮಾತ್ರ ಆಗುತ್ತಿರಲಿಲ್ಲ. ಕೂತರೆ ಏಳಬೇಕು ಅನ್ನಿಸುವುದು, ಎದ್ದರೆ ಯಾಕೆ ಎದ್ದೆ ಅಂತ ಗೊತ್ತಿಲ್ಲ. ಮಾಧವರಂ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ, ಆಂಧ್ರದ ಕಡೆ ಹೋಗುವ ಬಸ್ಸುಗಳ ಬೋರ್ಡುಗಳನ್ನು ಓದಿ, ವಾಪಸ್ ಬರುತ್ತಿದ್ದೆ. ಊಟ ಮಣ್ಣು ತಿಂದ ಹಾಗೆ. ಡಾಕ್ಟರು ಇದು ಖಿನ್ನತೆ ಅಂತ ಹೇಳಿ ಮಾತ್ರೆ ಬರೆದುಕೊಟ್ಟರು. ಹಾಸನದಿಂದ ನಸೀಮಾಳ ಅಣ್ಣ ಫೋನ್ ಮಾಡಿ, ಈಮಾನ್, ಅಂದರೆ ದೇವರ ಮೇಲಿನ ನಂಬಿಕೆ, ಗಟ್ಟಿಯಿದ್ದವನಿಗೆ ಇಂಥ ಕಾಯಿಲೆ ಬರುವುದಿಲ್ಲ, ಮಾತ್ರೆ ಬಿಟ್ಟು ನಮಾಜ್ ಹೆಚ್ಚು ಮಾಡು ಅಂದರು. ಅವರದೂ ಸಂಕಟವೇ, ಕಳೆದುಕೊಂಡದ್ದು ತಂಗಿಯನ್ನು. ಅವರ ಮಾತು ಕೇಳಿ ಮಾತ್ರೆ ನಿಲ್ಲಿಸಿದೆ.

ನಮಾಜ್ ಹೆಚ್ಚು ಮಾಡಲು ಹೋದರೆ ಇನ್ನೊಂದು ಪೇಚು. ಎಣಿಕೆ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಎದ್ದು ನಿಂತ ಕೂಡಲೇ ಇದು ಎರಡನೆಯದೋ ಮೂರನೆಯದೋ ಅಂತ ದಿಗಿಲಾಗುವುದು. ಮುಗಿಸಿದ ಮೇಲೆ ತಪ್ಪಾಗಿದೆ ಅನ್ನಿಸಿ ಮತ್ತೆ ಮೊದಲಿನಿಂದ ಶುರು. ಹೊತ್ತು ಮುಳುಗುವವರೆಗೂ ಒಂದೇ ಅಸರ್ ನಮಾಜನ್ನು ಮತ್ತೆ ಮತ್ತೆ ಮಾಡಿದ್ದುಂಟು. ಅಫ್ರೀನ್ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ನಮ್ಮ ಬೀದಿಯ ಮಸೀದಿಯ ಇಮಾಮರನ್ನು ಇಲ್ಲಿ ಎಲ್ಲರೂ ಹಜ್ರತ್ ಅನ್ನುತ್ತಾರೆ. ಮಾತು ಕಡಿಮೆ, ಆಡಿದರೆ ತಮಿಳು. ಅವರ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ. ನಮ್ಮ ಪೈಗಂಬರರ ಬದುಕಿನಲ್ಲೇ ಒಂದು ವರ್ಷವನ್ನು ದುಃಖದ ವರ್ಷ ಅಂತ ಕರೆಯುತ್ತಾರೆ, ಅವರ ಪತ್ನಿ ತೀರಿಕೊಂಡ ವರ್ಷ ಅದು, ಅವರ ಈಮಾನ್ ಕಡಿಮೆಯಿತ್ತೇ ಅಂತ ಕೇಳಿದರು. ಮಾತ್ರೆ ನಿಲ್ಲಿಸಿದ್ದಕ್ಕೆ ಗದರಿದರು. ಎಣಿಕೆಯ ಬಗ್ಗೆ ಅವರು ತಮಿಳಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

"ಮರೆಯುವವರು ಅಂತ ಗೊತ್ತಿದ್ದೇ ಅಲ್ಲಾಹ್ ನಮ್ಮನ್ನ ಕರೆದಿರೋದು. ಸಂದೇಹ ಬಂದ್ರೆ ಕಡಿಮೆ ಎಣಿಕೆ ಹಿಡ್ಕೊಳ್ಳಿ, ಕೊನೇಲಿ ಮರೆವಿನ ಎರಡು ಸಜ್ದಾ ಮಾಡಿ, ಏಳಿ. ಮತ್ತೆ ಮೊದಲಿಂದ ಮಾಡ್ಬೇಡಿ."

ಮಾತು ಹಿಡಿಸಿತು, ಪಾಲಿಸಲು ಆಗಲಿಲ್ಲ. ಕೊನೆಗೆ ಅನ್ನಿಸಿದ್ದು ಇಷ್ಟು. ನಾಲ್ಕರವರೆಗೆ ಎಣಿಸಲಾಗದವನು ಹೈಸ್ಕೂಲಿನ ಹುಡುಗಿಯನ್ನು ಹೇಗೆ ಬೆಳೆಸುತ್ತಾನೆ? ಅಫ್ರೀನಳನ್ನು ಚನ್ನಪಟ್ಟಣದ ನನ್ನ ಅಕ್ಕನ ಮನೆಯಲ್ಲಿ ಬಿಡುವುದು ಅಂತ ತೀರ್ಮಾನಿಸಿದೆ. ಅಕ್ಕನೂ ಒಪ್ಪಿದಳು, ಟಿಕೆಟ್ಟೂ ಆಯಿತು. ಅಫ್ರೀನಳಿಗೆ ಹೇಳಿದಾಗ ಒಳಗೆ ಹೋಗಿ ಶಾಲೆಯ ಪುಸ್ತಕಗಳನ್ನು ಕಟ್ಟಿಡತೊಡಗಿದಳು. ಅವಳು ಹೋದ ಮೇಲೆ ನನ್ನ ಗತಿಯೇನು ಅಂತ ನಾನು ಯೋಚಿಸಿರಲೇ ಇಲ್ಲ. ಯೋಚಿಸಲು ನನಗೆ ಮನಸ್ಸೂ ಇರಲಿಲ್ಲ.

ಹೊರಡಬೇಕಾಗಿದ್ದ ದಿನದ ಹಿಂದಿನ ದಿನ ನಡೆದದ್ದು ಇದು. ಹಾಡುಹಗಲು, ಚೆನ್ನೈನ ಬಿಸಿಲು. ಹಾಲಿನಲ್ಲಿ ನಮಾಜಿನ ಚಾಪೆ ಜಾನಮಾಜ್ ಹಾಸಿ ಅಸರ್‌ಗೆ ನಿಂತೆ. ಇದೊಂದು ಸರಿಯಾಗದಿದ್ದರೆ ನಾಳೆಯಿಂದ ನಮಾಜೂ ಬೇಡ ಅಂತ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನಡುವೆ ಕೂತಿದ್ದಾಗ ಕರೆಂಟ್ ಹೋಯಿತು. ಫ್ಯಾನ್ ತಿರುಗುತ್ತಾ ತಿರುಗುತ್ತಾ ನಿಂತಿತು, ಮನೆಯಲ್ಲಿ ಸದ್ದೇ ಇಲ್ಲ. ಮತ್ತೆ ಎದ್ದೆ, ಬಾಗಿದೆ, ಸಜ್ದಾ ಮಾಡಿದೆ, ಕೂತೆ. ಮುಗಿಯಿತು ಅಂದುಕೊಂಡೆ. ಓದುವುದನ್ನೆಲ್ಲ ಓದಿ ಸಲಾಂ ಹೇಳಲು ಬಲಕ್ಕೆ ಮುಖ ತಿರುಗಿಸಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಕೈ ತಟ್ಟಿದ ಸದ್ದಾಯಿತು.

ಒಂದೇ ಸಲ. ದೂರದಿಂದಲ್ಲ, ನಸೀಮಾ ನಿಲ್ಲುತ್ತಿದ್ದ ಜಾಗದಿಂದ. ನಾನು ಯೋಚನೆ ಮಾಡಲಿಲ್ಲ, ಕಾಲುಗಳು ತಾವೇ ಎದ್ದು ನಿಂತವು. ನಿಂತ ಮೇಲೆ ನೆನಪಾಯಿತು. ಕರೆಂಟ್ ಹೋದದ್ದು ಎರಡು ರಕಾತ್ ಆಗಿ ಕೂತಿದ್ದಾಗ, ಅದಾದ ಮೇಲೆ ನಾನು ಎದ್ದಿದ್ದು ಒಂದೇ ಸಲ. ಆಗಿದ್ದು ಮೂರೇ. ನಾಲ್ಕನೆಯದನ್ನು ಪೂರೈಸಿ, ಮರೆವಿನ ಸಜ್ದಾ ಮಾಡಿ, ಸಲಾಂ ಹೇಳಿದೆ. ಎಷ್ಟೋ ದಿನಗಳ ಮೇಲೆ ಒಂದು ನಮಾಜು ನನ್ನ ಕೈಯಲ್ಲಿ ನೆಟ್ಟಗೆ ಮುಗಿದಿತ್ತು. ಥ್ಯಾಂಕ್ಸ್ ಕಣಮ್ಮ ಅಂತ ಹಿಂದಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬಾಗಿಲು ತಳ್ಳಿಕೊಂಡು ಅಫ್ರೀನ್ ಬಂದಳು. ಎರಡೂ ಕೈ ತುಂಬ ಒಣಗಿದ ಬಟ್ಟೆ, ಊರಿಗೆ ಒಯ್ಯಬೇಕಾದವು. ನೀನೇನಾ ತಟ್ಟಿದ್ದು ಅಂತ ಕೇಳಿದೆ. ಚೆನ್ನೈ ಶಾಲೆಯ ಮಕ್ಕಳ ಹಾಗೆ ನಾವು ಕನ್ನಡದಲ್ಲಿ ಕೇಳಿದರೂ ಅವಳು ತಮಿಳಿನಲ್ಲೇ ಉತ್ತರಿಸುವುದು. "ನಾನ್ ಮೊಟ್ಟೈಮಾಡಿಲ ಇರುಂದೇನ್ ಅಬ್ಬಾ," ಅಂದಳು. ತಾರಸಿಯಲ್ಲಿದ್ದಳಂತೆ. ನಿಂತು ನನ್ನ ಮುಖವನ್ನೇ ನೋಡಿ, ಬಟ್ಟೆ ಮಡಚಲು ಒಳಗೆ ಹೋದಳು.

ಆಮೇಲೆ ನಾನು ಮಾಡಿದ್ದು ನನಗೆ ಗೊತ್ತಿದ್ದ ಕೆಲಸ, ಫಾಲ್ಟ್ ಹುಡುಕುವುದು. ಪಕ್ಕದ ಮನೆಗೆ ಬೀಗ. ಕಿಟಕಿಯ ಬಾಗಿಲಿಗೆ ಕೊಕ್ಕೆ ಹಾಕಿತ್ತು, ತೆಗೆದು ಬಡಿದು ನೋಡಿದೆ, ಆ ಸದ್ದೇ ಬೇರೆ. ಬಾಲ್ಕನಿಯಲ್ಲಿ ಪಾರಿವಾಳ ಇರಲಿಲ್ಲ. ಕರೆಂಟಿಲ್ಲದ ಮೇಲೆ ಯಾವ ಯಂತ್ರವೂ ಅಲ್ಲ. ಹಾಲಿನ ಮಧ್ಯ ನಿಂತು ಹುಚ್ಚನ ಹಾಗೆ ನನ್ನ ಕೈಯನ್ನೇ ತಟ್ಟಿ ತಟ್ಟಿ ಕೇಳಿಸಿಕೊಂಡೆ. ಅದೇ ಸದ್ದು, ಅನುಮಾನವೇ ಇಲ್ಲ. ನಸೀಮಾಳದ್ದಾಗಿದ್ದರೆ ಬಳೆ ಸದ್ದೂ ಕೇಳಬೇಕಿತ್ತು, ಕೇಳಲಿಲ್ಲ, ಹಾಗಾಗಿ ಇದು ನನ್ನ ಭ್ರಮೆ ಅಂತ ಸಮಾಧಾನ ಮಾಡಿಕೊಂಡೆ. ಆಗ ಅಲ್ಮೇರಾದಲ್ಲಿದ್ದ ಕವರು ನೆನಪಾಯಿತು. ಹೋಗುವಾಗ ಅವಳ ಕೈಯಲ್ಲಿ ಬಳೆ ಇರಲಿಲ್ಲವಲ್ಲ.

ರಾತ್ರಿಯೆಲ್ಲ ಹೊರಳಾಡಿದೆ. ಹೆದರಿಕೆಯಾಗಿರಲಿಲ್ಲ, ಇನ್ನೊಂದೇ ಒಂದು ಸಲ ಆ ಸದ್ದು ಕೇಳಬೇಕು ಅನ್ನುವ ಆಸೆ ಹಿಡಿದಿತ್ತು. ರೈಲು ಮರುದಿನ ರಾತ್ರಿ. ಅಸರ್ ಹೊತ್ತಾದಾಗ ಮಾಡಬಾರದ್ದೊಂದನ್ನು ಮಾಡಿದೆ. ಅವತ್ತು ಎಣಿಕೆ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಬೇಕೆಂದೇ ಮೂರನೆಯ ರಕಾತ್ ಆದ ಮೇಲೆ ಕೂತುಬಿಟ್ಟೆ, ಎಲ್ಲ ಮುಗಿದವನ ಹಾಗೆ. ಕಾದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಓದುವುದೆಲ್ಲ ಓದಿ ಮುಗಿಯಿತು. ತಟ್ಟು, ನಾನು ತಪ್ಪಿದ್ದೇನೆ, ತಟ್ಟು ಅಂತ ಮನಸ್ಸು ಕೂಗುತ್ತಿತ್ತು. ಏನೂ ಇಲ್ಲ. ಅವಳು ಸತ್ತ ದಿನ ಬಾರದ ಅಳು ಆಗ ಬಂತು.

ಆ ಅಳುವಿನ ನಡುವೆ ಬೆನ್ನ ಹಿಂದೆ ಕೈ ತಟ್ಟಿದ ಸದ್ದಾಯಿತು.

ನಿನ್ನೆಯದಲ್ಲ ಅಂತ ಕೂಡಲೇ ಗೊತ್ತಾಯಿತು. ತೆಳುವಾಗಿತ್ತು, ಸರಿಯೋ ತಪ್ಪೋ ಅಂತ ಅಂಜುತ್ತಾ ತಟ್ಟಿದ್ದು. ಎದ್ದು ನಿಂತು ನಾಲ್ಕನೆಯದನ್ನು ಮುಗಿಸಿದೆ. ಸಲಾಂ ಹೇಳಿ ತಿರುಗಿದರೆ ಅಫ್ರೀನ್, ಅವಳಮ್ಮನ ದುಪಟ್ಟಾ ಹೊದ್ದು, ಅವಳಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಕೂತಿದ್ದಳು. ಯಾವಾಗ ಬಂದು ನನ್ನ ಹಿಂದೆ ನಿಂತಳೋ ಗೊತ್ತೇ ಆಗಿರಲಿಲ್ಲ. ಅವಳೂ ಅಳುತ್ತಿದ್ದಳು. ಆವತ್ತು ತಮಿಳು ಬಿಟ್ಟು ಕನ್ನಡದಲ್ಲಿ ಕೇಳಿದಳು, ಅವಳಮ್ಮನ ಹಾಸನದ ಕನ್ನಡದಲ್ಲಿ.

"ಅಬ್ಬಾ, ನಾ ಊರಿಗೆ ಹೋಗ್ಬಿಟ್ರೆ ನೀವ್ ತಪ್ಪಿದಾಗ ಯಾರ್ ತಟ್ತಾರೆ?"

ಬೇಕೆಂದು ತಪ್ಪಿದ ನಮಾಜು ಲೆಕ್ಕಕ್ಕಿಲ್ಲ. ಅವಳಿಗೆ ನಿಜ ಹೇಳಿ ಇಬ್ಬರೂ ಸೇರಿ ಮತ್ತೆ ಮೊದಲಿನಿಂದ ಮಾಡಿದೆವು. ಟಿಕೆಟ್ ರದ್ದು ಮಾಡಿಸಿದೆ. ಅಕ್ಕ ಸ್ವಲ್ಪ ಮುನಿಸಿಕೊಂಡಳು. ಮಾತ್ರೆ ಮತ್ತೆ ಶುರುಮಾಡಿದೆ.

ಡಾಕ್ಟರಿಗೆ ಹೇಳಿದಾಗ, ಹತ್ತಿರದವರನ್ನು ಕಳೆದುಕೊಂಡವರಿಗೆ ಹೀಗೆ ಕೇಳಿಸುವುದುಂಟು, ಎಣಿಕೆಯನ್ನು ನಿಮ್ಮ ಮನಸ್ಸೇ ಒಳಗೊಳಗೆ ಇಟ್ಟುಕೊಂಡಿರಬಹುದು ಅಂದರು. ಇರಬಹುದು. ಹಜ್ರತ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ತಪ್ಪು ಸರಿಹೋಯಿತಲ್ಲ, ಅದಕ್ಕೆ ಅಲ್ಲಾಹನಿಗೆ ಶುಕ್ರ್ ಮಾಡಿ, ಕೃತಜ್ಞರಾಗಿರಿ ಅಂದರು. ಶುಕ್ರ್ ಮಾಡುತ್ತೇನೆ. ಆದರೆ ಸಿಗ್ನಲಿನವನ ಮನಸ್ಸು ಅಷ್ಟಕ್ಕೇ ಬಿಡುವುದಿಲ್ಲ. ಈಗಲೂ ಕರೆಂಟ್ ಹೋದಾಗಲೆಲ್ಲ ಕಿವಿ ಹಿಂದಕ್ಕೆ ಹೋಗುತ್ತದೆ.

ಅಫ್ರೀನ್ ಈಗ ದಿನವೂ ನನ್ನ ಹಿಂದೆ ನಿಲ್ಲುತ್ತಾಳೆ. ಎಣಿಕೆ ಆಗಾಗ ತಪ್ಪುತ್ತದೆ, ಅವಳು ಧೈರ್ಯವಾಗಿ ತಟ್ಟುತ್ತಾಳೆ. ನಾಲ್ಕೂ ಸರಿಯಾಗಿ ಮುಗಿದ ದಿನವೂ ಸಲಾಂ ಹೇಳುವ ಮುಂಚೆ ನಾನು ಒಂದು ಗಳಿಗೆ ಸುಮ್ಮನೆ ಕಾಯುತ್ತೇನೆ. ಯಾಕೆ ಅಂತ ಅವಳು ಇವತ್ತಿನವರೆಗೂ ಕೇಳಿಲ್ಲ. ಹಿಂದೆ ಅವಳೂ ಕಾಯುತ್ತಾಳೆ.