ಕಂಟ್ರೋಲ್ ಕೀಲಿಯ ಮೇಲೆ ತೂಕದ ಬಟ್ಟು

ಕಂಪ್ಯೂಟರಿನಲ್ಲಿ ‘ಸಹಾಯ’ ಎಂದು ಬರೆದಿರುವ ಜಾಗ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಾಮರಾಜನಗರದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಟೈಪಿಂಗು, ಕಂಪ್ಯೂಟರು ಹೇಳಿಕೊಡುವುದು ನನ್ನ ಕಸುಬು. ಅನ್ನ ಕೊಡುವ ಯಂತ್ರವನ್ನೇ ಹೀಗೆ ಬೈಯಬಾರದು ಎನ್ನುತ್ತಾರೆ ನನ್ನ ಗಂಡ. ನಾನು ಬೈಯುವುದು ಯಂತ್ರವನ್ನಲ್ಲ, ಅದರೊಳಗೆ ಕೂತು ಸಹಾಯ ಬರೆಯುವವರನ್ನು. ಸ್ವಂತ ತಂಗಿಗೆ ಆದದ್ದನ್ನು ನೋಡಿಯೂ ನನ್ನ ಗಂಡ ಅಷ್ಟು ತಣ್ಣಗೆ ಕೂತಿರುವುದು ಹೇಗೋ ನನಗಂತೂ ತಿಳಿಯದು.

ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಹೆಚ್ಚು. ಸಂತೆಮರಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ, ಸುಗ್ಗಿ ಬಂದರೆ ಕೂಲಿಗೂ ಹೋಗುತ್ತಾರೆ. ಸಹಾಯದ ಪುಟದಲ್ಲಿ ಕಂಟ್ರೋಲ್, ನಡುವೆ ಒಂದು ಪ್ಲಸ್ ಗುರುತು, ಆಮೇಲೆ ಪಿ ಎಂದು ಇದ್ದರೆ ಅವರು ಮೊದಲು ಕಂಟ್ರೋಲ್ ಒತ್ತುತ್ತಾರೆ, ಪ್ಲಸ್ ಕೀಲಿಯನ್ನು ಹುಡುಕಿ ಅದನ್ನೂ ಒತ್ತುತ್ತಾರೆ, ಕೊನೆಗೆ ಪಿ ಒತ್ತುತ್ತಾರೆ. ಇನ್ನೇನು ಮಾಡಬೇಕು? ಬರೆದಿರುವುದೇ ಹಾಗೆ. ಆ ಪ್ಲಸ್ ಅಂದರೆ ‘ಮೊದಲನೆಯದನ್ನು ಹಿಡಿದುಕೊಂಡೇ ಎರಡನೆಯದನ್ನು ಒತ್ತಿ’ ಎಂದು ಯಾವ ಪುಣ್ಯಾತ್ಮನೂ ಬಾಯಿಬಿಟ್ಟು ಹೇಳಿಲ್ಲ. ನಾನು ಹೇಳಿಕೊಡುವುದು ಬೇರೆ ಥರ.

“ಬತ್ತ ಕುಯ್ಯುವಾಗ ಏನ್ಮಾಡ್ತೀರಮ್ಮಿ? ಎಡಗೈಲಿ ಬುಡ ಹಿಡ್ಕತೀರ, ಬಲಗೈಲಿ ಕುಡ್ಲು ಆಡುಸ್ತೀರ. ಕುಯ್ಯೋಗಂಟ ಹಿಡಿದಿದ್ದ ಬುಟ್ಬುಡ್ತೀರಾ? ಇದೂ ಅಂಗೇ ಕಣಮ್ಮಿ.”

ಅಷ್ಟೇ. ಆಮೇಲೆ ಯಾರೂ ತಪ್ಪುವುದಿಲ್ಲ. ‘ಹಿಡಿ, ಕುಯ್ಯಿ’ ಎನ್ನುವುದು ನಮ್ಮ ಕ್ಲಾಸಿನ ಮಾತೇ ಆಗಿಹೋಗಿದೆ.

ಆದರೆ ಹಿಡಿಯುವುದಕ್ಕೊಂದು ಕೈ, ಕುಯ್ಯುವುದಕ್ಕೊಂದು ಕೈ ಬೇಕು. ನನ್ನ ನಾದಿನಿಗೆ ಕೆಲಸ ಮಾಡುವುದು ಎಡಗೈ ಒಂದೇ. ಹರದನಹಳ್ಳಿಯಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಮದುವೆಯಾಗಿ ಹೋದವಳು. ಗಂಡನ ಸ್ಕೂಟರಿನಿಂದ ಬಿದ್ದು ಬಲಭುಜದ ನರಕ್ಕೆ ಪೆಟ್ಟಾಯಿತು, ತೋಳು ಜೋತುಬಿತ್ತು. ಆಮೇಲೆ ಮನೆಯವರೆಲ್ಲ ಅವಳನ್ನು ಗಾಜಿನ ಲೋಟದ ಹಾಗೆ ನೋಡತೊಡಗಿದರು. ನೀರು ತರಬೇಡ, ಒಲೆ ಮುಂದೆ ಹೋಗಬೇಡ, ಸುಮ್ಮನೆ ಕೂತಿರು. ಮಾತಿನಮಲ್ಲಿಯಂತಿದ್ದವಳು ಮಂಕಾಗಿಬಿಟ್ಟಳು. ನಾನೇ ಹಠಹಿಡಿದು ಎಡಗೈಯಲ್ಲಿ ಟೈಪಿಂಗ್ ಕಲಿಸಿದೆ. ಚೆಂಡು ಹೂವು ಕೊಳ್ಳುವ ಮಂಡಿಯೊಂದರ ಕಚೇರಿಯಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ರೈತರು ಮೂಟೆ ತಂದು ತೂಕದ ಮೇಲಿಟ್ಟರೆ ಅದನ್ನು ಕಂಪ್ಯೂಟರಿಗೆ ಏರಿಸಿ ಚೀಟಿ ಕೊಡುವ ಕೆಲಸ. ಆ ಕುರ್ಚಿಯಲ್ಲಿ ಕೂತ ಮೇಲೆಯೇ ಅವಳು ಮತ್ತೆ ಗಟ್ಟಿಯಾಗಿ ಜಗಳವಾಡಲು ಶುರುಮಾಡಿದ್ದು. ನಮಗೆಲ್ಲ ಅದೇ ಸಮಾಧಾನ.

ಹೋದ ವರ್ಷ ಆ ಮಂಡಿಗೆ ಹೊಸ ಸಾಫ್ಟ್‌ವೇರ್ ಬಂತು, ಜೊತೆಗೊಂದು ಪುಟ್ಟ ಲ್ಯಾಪ್‌ಟಾಪು. ಹಳೆಯದರಲ್ಲಿ ಎಡಗೈಯಲ್ಲಿ ಮೌಸ್ ಹಿಡಿದು ಎಲ್ಲವನ್ನೂ ಮಾಡುತ್ತಿದ್ದಳು. ಹೊಸದರಲ್ಲಿ ತೂಕವನ್ನು ಒಳಗೆ ತೆಗೆದುಕೊಳ್ಳಲು ಕಂಟ್ರೋಲ್ ಹಿಡಿದುಕೊಂಡು ಎಫ್ ಹನ್ನೆರಡು ಒತ್ತಬೇಕು. ಕಂಟ್ರೋಲ್ ಇರುವುದು ಎಡಗಡೆಯ ತಳದಲ್ಲಿ, ಎಫ್ ಹನ್ನೆರಡು ಬಲಗಡೆಯ ತುದಿಯಲ್ಲಿ. ಆ ಲ್ಯಾಪ್‌ಟಾಪಿನಲ್ಲಿ ಬಲಕ್ಕೆ ಇನ್ನೊಂದು ಕಂಟ್ರೋಲ್ ಕೂಡ ಇಲ್ಲ. ಯಾರ ಒಂದು ಕೈಯೂ ಅಷ್ಟು ದೂರ ಚಾಚುವುದಿಲ್ಲ.

ಮೊದಲ ದಿನ ಗದ್ದ ಊರಿ ಕಂಟ್ರೋಲ್ ಹಿಡಿದಳಂತೆ. ಸಾಲಿನಲ್ಲಿ ನಿಂತಿದ್ದವರು ನಕ್ಕರು. ನಾಚಿಕೆಯಾಗಿ ಅದನ್ನು ಬಿಟ್ಟಳು. ಮಾರನೆಯ ದಿನ ಮಂಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಕ್ಕಡಿಯ ಕಬ್ಬಿಣದ ಬಟ್ಟೊಂದನ್ನು ತಂದು ಕಂಟ್ರೋಲ್ ಕೀಲಿಯ ಮೇಲೆ ಇಟ್ಟಳು. ಹೂವು ತೂಗುವ ಜಾಗದಲ್ಲಿ ಕೂತವಳಿಗೆ ಕೈಗೆ ಸಿಕ್ಕಿದ್ದು ಅದು. ಬಟ್ಟು ಹಿಡಿದುಕೊಂಡಿತು, ಎಡಗೈ ಕುಯ್ಯಿತು. ಕೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಫೋನಿನಲ್ಲೇ ಕೂಗಿಬಿಟ್ಟೆ.

ಒಂದು ದಿನ ಸಾಲು ದೊಡ್ಡದಿತ್ತು. ಗಡಿಯಾಚೆ ಹೋಗುವ ಲಾರಿ ನಿಂತಿತ್ತು, ಡ್ರೈವರು ತನ್ನ ಭಾಷೆಯಲ್ಲಿ “ಚೇಚಿ, ವೇಗಂ, ವೇಗಂ”, ಅಕ್ಕಾ ಬೇಗ ಬೇಗ, ಎಂದು ಅವಸರ ಮಾಡುತ್ತಿದ್ದ. ಆ ಗಡಿಬಿಡಿಯಲ್ಲಿ ಬಟ್ಟು ತೆಗೆಯುವುದನ್ನು ಮರೆತು ರೈತರೊಬ್ಬರ ಹೆಸರು ಟೈಪ್ ಮಾಡಲು ಹೋದಳು. ಕಂಟ್ರೋಲ್ ಒತ್ತಿಕೊಂಡೇ ಇದ್ದುದರಿಂದ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆಯಾಗಿ ಹೋಯಿತು. ಬೆಳಗಿನಿಂದ ಏರಿಸಿದ್ದ ತೂಕವೆಲ್ಲ ಅಳಿಸಿಹೋಯಿತು. ಚೀಟಿಗಳನ್ನು ಇನ್ನೂ ಕೊಟ್ಟಿರಲಿಲ್ಲ, ಮೂಟೆಗಳು ಆಗಲೇ ಲಾರಿ ಹತ್ತಿದ್ದವು, ಇಳಿಸಿ ಮತ್ತೆ ತೂಗಬೇಕಾಯಿತು. “ಊವು ಬಾಡ್ತಾ ಅದೆ, ಇವ್ಳು ಕಲ್ಲಿಟ್ಕಂಡು ಆಟ ಆಡ್ತಾಳಲ್ಲಾ!” ಎಂದು ಒಬ್ಬರು ಎಲ್ಲರೆದುರಿಗೂ ಅಂದರು. ಮ್ಯಾನೇಜರು ಸಂಜೆ ಕರೆದು, ಸೋಮವಾರದಿಂದ ಇದನ್ನು ಸರಿಯಾಗಿ ನಡೆಸಲಾಗದಿದ್ದರೆ ಹೂವು ಆರಿಸುವ ಶೆಡ್ಡಿಗೆ ಹೋಗಬೇಕೆಂದರು. ಆರಿಸುವುದು ಎರಡು ಕೈಯ ಕೆಲಸ. ಅಂದರೆ ಮನೆಗೆ ಹೋಗು ಎಂದೇ ಅರ್ಥ. ಮತ್ತೆ ಆ ಗಾಜಿನ ಲೋಟದ ಬಾಳು.

ಶನಿವಾರ ಲ್ಯಾಪ್‌ಟಾಪನ್ನು ಕೇಳಿ ಪಡೆದು ಎಡಹೆಗಲಿಗೆ ನೇತುಹಾಕಿಕೊಂಡು ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ, “ಅತ್ಗೆ, ಏನಾರ ದಾರಿ ಅದ್ಯಾ ನೋಡು. ಇಲ್ದಿದ್ರೆ ನಾನೇ ಬುಟ್ಬುಡ್ತೀನಿ, ಅವ್ರ ಬಾಯಲ್ಲಿ ಅನ್ನುಸ್ಕಳಕ್ಕೆ ನನ್ಕೈಲಾಗಲ್ಲ” ಅಂದಳು. ನಾನು ಸಹಾಯದ ಪುಟ ತೆರೆದೆ.

ಅದೇನು ಸಹಾಯವೋ! ಕೀಲಿಗಳ ಪಟ್ಟಿಯೆಲ್ಲ ಕೀಲಿಯ ಹೆಸರಿನ ಅನುಕ್ರಮದಲ್ಲಿ. ಕೀಲಿಯ ಹೆಸರು ಗೊತ್ತಿದ್ದವಳು ಅಲ್ಲಿಗೆ ಯಾಕೆ ಬರುತ್ತಾಳೆ? ಬರುವವಳಿಗೆ ಗೊತ್ತಿರುವುದು ತನಗೆ ಆಗಬೇಕಾದ ಕೆಲಸ. ತೂಕ ಏರಿಸಬೇಕು, ಚೀಟಿ ತೆಗೆಯಬೇಕು, ತಪ್ಪನ್ನು ತಿದ್ದಬೇಕು. ಕೆಲಸವನ್ನು ಮೊದಲು ಹೇಳಿ, ಅದರ ಪಕ್ಕದಲ್ಲೇ ಕೀಲಿ ಹೇಳಿ, ಕೀಲಿ ಆಗದವರಿಗೆ ಮೆನುವಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು? ಕನ್ನಡ ಮಾಡಿದ್ದೇವೆ ಎಂಬ ಜಂಬ ಬೇರೆ. ಪುಟದಲ್ಲಿ ‘ನಿಯಂತ್ರಣ ಕೀಲಿ’ ಎಂದಿದೆ. ಕೀಲಿಮಣೆಯನ್ನು ತಲೆಕೆಳಗು ಮಾಡಿ ನೋಡಿದರೂ ನಿಯಂತ್ರಣ ಎಂದು ಬರೆದ ಕೀಲಿ ಇಲ್ಲ. ಕೀಲಿಯ ಮೇಲೆ ಏನಿದೆಯೋ ಅದನ್ನೇ ಬರೆಯಲು ಇವರಿಗೇನು ದಾಡಿ? ಕನ್ನಡ ನನಗೆ ಬೇಡವಾಗಿಲ್ಲ. ಆದರೆ ದಾರಿ ಕೇಳಿದವರಿಗೆ ಬೋರ್ಡಿನ ಮೇಲಿಲ್ಲದ ಊರಿನ ಹೆಸರು ಹೇಳುವುದು ಕನ್ನಡದ ಸೇವೆಯಲ್ಲ, ಕುಚೋದ್ಯ.

ನಾನು ಹೀಗೆ ಕೂಗಾಡುತ್ತಿರುವಾಗ ನಾದಿನಿ ಮೌಸನ್ನು ತನ್ನ ಕಡೆಗೆ ಎಳೆದುಕೊಂಡು ಪುಟದ ಕೊನೆಯವರೆಗೂ ಇಳಿದಳು. ‘ಇತರೆ’ ಎಂಬ ತಲೆಬರಹದ ಕೆಳಗೆ, ಎಲ್ಲದರ ಕೊನೆಗೆ, ‘ಪ್ರವೇಶಸಾಧ್ಯತೆ’ ಎಂದಿತ್ತು. ಒಳಗೆ ಹೋಗುವ ಪಾಸ್‌ವರ್ಡಿನ ವಿಷಯ ಇರಬೇಕೆಂದು ನಾನು ಅದನ್ನು ಬಿಟ್ಟಿದ್ದೆ. ಅವಳು ತೆರೆದಳು. “ಒಂದು ಕೈ ಮಾತ್ರ ಬಳಸುವವರು ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಬಹುದು.”

“ಅತ್ಗೆ,” ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ನಾನು ಮುಂದಿನ ಸಾಲು ಓದಿದೆ. “ಪ್ರತಿ ಬಾರಿ ತೆರೆದಾಗಲೂ ಈ ಸೌಲಭ್ಯವನ್ನು ಆರಂಭಿಸಲು ನಿಯಂತ್ರಣ ಕೀಲಿ ಮತ್ತು ಎಫ್ ಹನ್ನೊಂದನ್ನು ಒಟ್ಟಿಗೆ ಒತ್ತಿ ಹಿಡಿಯಿರಿ.”

ಒಟ್ಟಿಗೆ! ಎರಡನ್ನು ಒಟ್ಟಿಗೆ ಒತ್ತಲಾರದವರಿಗೆ ಮಾಡಿದ ಸೌಲಭ್ಯ, ಅದರ ಬಾಗಿಲು ತೆರೆಯಬೇಕಾದರೆ ಎರಡನ್ನು ಒಟ್ಟಿಗೆ ಒತ್ತಬೇಕು. ಬೇರೆ ದಾರಿಯ ಮಾತೇ ಇಲ್ಲ. ಆ ಕ್ಷಣ ಬರೆದವರು ಎದುರಿಗಿದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಇದನ್ನು ಒಬ್ಬರು ಬರೆದಿದ್ದಾರೆ, ಇನ್ನೊಬ್ಬರು ಓದಿ ಸರಿ ಅಂದಿದ್ದಾರೆ, ಮತ್ತೊಬ್ಬರು ಕನ್ನಡ ಮಾಡಿದ್ದಾರೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತು ನೋಡೋಣ ಅನ್ನಿಸಲಿಲ್ಲವೇ?

ನಾನು ಒತ್ತಿ ಕೊಡುತ್ತೇನೆ ಎಂದು ಕೈ ಚಾಚಿದೆ. ನಾದಿನಿ ತಡೆದಳು. “ದಿನಾ ಬೆಳ್ಗೆ ಒತ್ತಕ್ಕೆ ಗುಂಡ್ಲುಪೇಟೆಗೆ ಬಂದೀಯಾ? ಬುಡತ್ಗೆ, ಬೇರೆ ಕಡೆ ಇದ್ದೇ ಇರ್ತದೆ, ಹುಡ್ಕನ.”

ಭಾನುವಾರವೆಲ್ಲ ಹುಡುಕಿದೆವು. ಮೆನುಗಳನ್ನು ಒಂದೊಂದಾಗಿ ತೆರೆದು, ಅದರೊಳಗಿನ ಮೆನು, ಅದರೊಳಗಿನ ಇನ್ನೊಂದು ಮೆನು. ಮಾಡಿಟ್ಟ ಸಾರು ಆರಿಹೋಯಿತು, ಗಂಡ ಬಂದು ಇಣುಕಿ ಹೋದರು. ಕೊನೆಗೆ ಸಿಕ್ಕಿದ್ದು ನಾದಿನಿಗೇ. ಪರದೆಯ ಬಣ್ಣ ಬದಲಿಸುವ ಜಾಗದಲ್ಲಿ, ಯಾರೂ ಹೋಗದ ಮೂಲೆಯಲ್ಲಿ, ಅದೇ ಸೌಲಭ್ಯದ ಹೆಸರು, ಪಕ್ಕದಲ್ಲೊಂದು ಖಾಲಿ ಚೌಕ. ಎಡಗೈಯಲ್ಲಿ ಮೌಸ್ ಹಿಡಿದು ಚೌಕದ ಮೇಲೆ ಒತ್ತಿದಳು. ಕಂಟ್ರೋಲ್ ಒತ್ತಿ ಬಿಟ್ಟಳು. ಕೈಯನ್ನು ಆ ತುದಿಗೆ ಒಯ್ದು ಎಫ್ ಹನ್ನೆರಡು ಒತ್ತಿದಳು. ತೂಕದ ಯಂತ್ರ ಇಲ್ಲದ್ದರಿಂದ ಪರದೆಯ ಮೇಲೆ ಸೊನ್ನೆ ಬಂತು. ಸೊನ್ನೆ ಕಂಡು ಅಷ್ಟು ಕುಣಿದವರು ನಾವಿಬ್ಬರೇ ಇರಬೇಕು.

ಕುಣಿದಾದ ಮೇಲೆ ನನ್ನ ಸಿಟ್ಟು ಇನ್ನೂ ಏರಿತು. ದಾರಿ ಇಲ್ಲದಿದ್ದರೆ ಬೇರೆ ಮಾತು. ದಾರಿ ಮಾಡಿಟ್ಟು, ಅದನ್ನು ಹೇಳುವ ಒಂದೇ ಒಂದು ಸಾಲನ್ನು ಬರೆಯದೆ ಬಿಟ್ಟಿದ್ದಾರೆ. ಆ ಒಂದು ಸಾಲು ಇದ್ದಿದ್ದರೆ ಅವಳು ಗದ್ದ ಊರಬೇಕಿರಲಿಲ್ಲ, ಬಟ್ಟು ಇಡಬೇಕಿರಲಿಲ್ಲ, ಸಾಲಿನಲ್ಲಿ ನಿಂತವರ ಬಾಯಲ್ಲಿ ಅನ್ನಿಸಿಕೊಳ್ಳಬೇಕಿರಲಿಲ್ಲ.

ಸೋಮವಾರ ಸಂಜೆ ಅವಳ ಫೋನು ಬಂತು. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತಂತೆ. ಮ್ಯಾನೇಜರು ಏನೂ ಅನ್ನಲಿಲ್ಲವಂತೆ. ಆಮೇಲೆ ಮೂಟೆ ಏರಿಸುವ ಯಾರೋ ಲೋಡರನ ಮೇಲೆ ಹರಿಹಾಯ್ದ ಕಥೆಯನ್ನು ಉದ್ದಕ್ಕೆ ಹೇಳಿದಳು. ಕುರ್ಚಿ ಉಳಿಯಿತೆಂದು ನನಗೆ ನಂಬಿಕೆ ಬಂದದ್ದು ಆ ಜಗಳ ಕೇಳಿಯೇ.

ಮುಂದೊಂದು ರಜೆಗೆ ಬಂದಾಗಲೂ ಲ್ಯಾಪ್‌ಟಾಪು ಜೊತೆಗಿತ್ತು. ಆ ಸಹಾಯದ ಪುಟದ ತಳದಲ್ಲಿ ‘ಈ ಮಾಹಿತಿ ಉಪಯುಕ್ತವಾಯಿತೇ?’ ಎಂಬ ಪ್ರಶ್ನೆ ಇದೆ. ‘ಇಲ್ಲ’ ಎಂದು ಒತ್ತಿದರೆ ಬರೆಯಲು ಒಂದು ಡಬ್ಬಿ ತೆರೆಯುತ್ತದೆ. ನಾನು ತೋಳೇರಿಸಿ ಕೂತೆ. ಬೈಗುಳವನ್ನೆಲ್ಲ ಜೋಡಿಸಿಕೊಂಡಿದ್ದೆ.

“ನೀ ಸರ್ಕ ಅತ್ಗೆ, ನಾ ಬರೀತೀನಿ,” ಎಂದಳು.

ಎಡಗೈಯಲ್ಲಿ ನಿಧಾನವಾಗಿ ಬರೆದಳು. “ಎರಡು ಕೈ ಇರುವವರಿಗೆ ಈ ಪುಟ ಬೇಕಾಗಿಲ್ಲ ಸಾರ್. ಬೇಕಾಗಿರುವುದು ನನಗೆ. ನೀವು ಮೊದಲನೇ ಸಾಲಲ್ಲಿ ನನ್ನನ್ನು ಕರೆದು ಎರಡನೇ ಸಾಲಲ್ಲಿ ಬಾಗಿಲು ಹಾಕಿದ್ದೀರಿ.”

ಡಬ್ಬಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ಕಳುಹಿಸಲು ನಿಯಂತ್ರಣ ಮತ್ತು ಎಂಟರ್ ಒಟ್ಟಿಗೆ ಒತ್ತಿ.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ನಾದಿನಿ ನನ್ನ ಕಡೆ ನೋಡಲೂ ಇಲ್ಲ. ಕಂಟ್ರೋಲ್ ಒತ್ತಿದಳು. ಕೈ ತೆಗೆದು ಸೆರಗು ಸರಿಮಾಡಿಕೊಂಡಳು. ಆಮೇಲೆ, ತನಗೆ ಬೇಕಾದಾಗ, ಎಂಟರ್ ಒತ್ತಿದಳು.