ಈರಮ್ಮನ ಮಾಳಿಗೆ ಹಗುರಾದ ದಿನ

ಚಿತ್ರದುರ್ಗದಿಂದ ಬೆಳಗಿನ ಸರ್ಕಾರಿ ಬಸ್ಸು ಹತ್ತಿದಾಗ ಆಕಾಶ ತಿಳಿಯಾಗಿತ್ತು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆ. ಪುಕ್ಕಟೆ ಪ್ರಯಾಣವಾದ್ದರಿಂದ ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಲು ಮನಸ್ಸಾಗಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ರಜೆ ಸಿಕ್ಕರೆ ಹಳೆಯ ಮನೆಗಳ ಚಿತ್ರ ಬರೆಯುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿ ಶೋಭಾ ಹೊಸದುರ್ಗದ ಕಡೆಯ ಹಳ್ಳಿಗೆ ಸೊಸೆಯಾಗಿ ಹೋಗಿದ್ದಾಳೆ. ಹಿಂದಿನ ವಾರ ಫೋನಿನಲ್ಲಿ ಅವಳು ಹೇಳಿದ ಮಾತು ತಲೆಯಿಂದ ಹೋಗಿರಲಿಲ್ಲ. “ಮೇಡಂ, ನಮ್ಮನೆ ನಿಂತಿರೋವಾಗ್ಲೇ ಒಂದ್ಸಲ ಬಂದು ನೋಡಿಬಿಡ್ರಿ.”

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಬಜ್ಜಿ ಬಿಸಿಯಾಗಿತ್ತು, ಚಹಾ ಆರಿತ್ತು. ಹೊಸದುರ್ಗ ಸಮೀಪಿಸುವ ಹೊತ್ತಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದೆ ಮೋಡ ಕಟ್ಟತೊಡಗಿತ್ತು. ನಿಲ್ದಾಣದಲ್ಲಿ ಶೋಭಾಳ ಗಂಡ ತಿಪ್ಪೇಸ್ವಾಮಿ ಬೈಕು ಹಿಡಿದು ಕಾಯುತ್ತಿದ್ದರು. “ಬೇಗ ಹತ್ತ್ರಿ ಮೇಡಂ, ಮಳೆಗಿಂತ ಮುಂಚೆ ಮನೆ ಸೇರಾಣ” ಎಂದರು. ದಾರಿಯುದ್ದಕ್ಕೂ ಮೋಡವನ್ನೇ ನೋಡಿಕೊಂಡು ಬೈಕು ಓಡಿಸಿದರು. ಹಿಂದೆ ಕೂತ ನಾನು ರಸ್ತೆಯನ್ನಾದರೂ ನೋಡಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮನೆ ಕಂಡಾಗ ಬಂದಿದ್ದು ಸಾರ್ಥಕ ಅನ್ನಿಸಿತು. ಕಾಡುಗಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಎರಡು ಮೊಳ ದಪ್ಪದ ಗೋಡೆ. ಹೊರಗೋಡೆಗೆ ಒಂದೇ ಒಂದು ಕಿಟಕಿ ಇಲ್ಲ. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಹಾಗೆ ಹನ್ನೆರಡು ಅಂಕಣದ ಮನೆ. ಬಾಗಿಲು ದಾಟಿದ ಕೂಡಲೇ ದನದ ಅಂಕಣಗಳು, ಅಲ್ಲಿಂದ ಜಗಲಿ ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ಮೇಲೆ ತೊಲೆಗಳ ಮೇಲೆ ಮಣ್ಣು ತುಳಿದು ಮಾಡಿದ ಚಪ್ಪಟೆ ಮಾಳಿಗೆ; ಬೆಳಕು ಬರುವುದು ಅದರ ಬೆಳಕಿಂಡಿಯಿಂದ ಮಾತ್ರ. ಹೊರಗೆ ಕಲ್ಲುಗೋಡೆಯ ಕುರಿರೊಪ್ಪ, ಅದರ ಒಂದು ಮೂಲೆಗೆ ತಗಡಿನ ಸೂರು. ಪಕ್ಕದಲ್ಲಿ ಕಣ, ಕಣದ ಅಂಚಿನಲ್ಲಿ ಚಪ್ಪಡಿ ಮುಚ್ಚಿದ ಹಗೇವು. ಹಿಂದೆ ರಾಗಿ ತುಂಬುತ್ತಿದ್ದ ಆ ನೆಲಮಾಳಿಗೆ ಈಗ ಖಾಲಿ. ಕಲ್ಲು ಕಟ್ಟಿದವರು ಸುಮ್ಮನೆ ಕಟ್ಟಿದವರಲ್ಲ. ದನ, ಕಾಳು, ಮನುಷ್ಯ ಯಾವುದೂ ಒಂದನ್ನೊಂದು ಬಿಟ್ಟು ದೂರವಿರದಂತೆ ಜೋಡಿಸಿದ್ದರು.

ಊಟಕ್ಕೆ ಕೂತೆವು. ರೊಟ್ಟಿಯ ಮೇಲೆ ಚಿಟಿಕೆ ಮಣ್ಣು ಉದುರಿತು. ಶೋಭಾ ರೊಟ್ಟಿ ಬದಲಿಸಿದಳು. ಎರಡನೆಯ ರೊಟ್ಟಿಯ ಮೇಲೂ ಉದುರಿತು. ತಲೆ ಎತ್ತಿ ನೋಡಿದೆ. ಪಡಸಾಲೆಯ ತೊಲೆ ನಡುವಿನಲ್ಲಿ ಉದ್ದಕ್ಕೆ ಸೀಳಿತ್ತು. ನಾನು ತಟ್ಟೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡೆ.

ಅಂಗಳದಲ್ಲಿ ಹೊಸ ಮಣ್ಣಿನ ಗುಡ್ಡೆ, ಬುಟ್ಟಿಗಳು ಸಿದ್ಧವಾಗಿದ್ದವು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ತುಳಿಯುವುದು ಈ ಸೀಮೆಯ ರೂಢಿ. ಹಳೆಯದನ್ನು ಕೆರೆದು ಹೊಸದು ಹಾಕಿದರೆ ತೊಂದರೆಯಿಲ್ಲ. ಈ ಮನೆಯಲ್ಲಿ ಕೆರೆಯುವ ಪದ್ಧತಿಯೇ ಇರಲಿಲ್ಲ. ವರ್ಷ ವರ್ಷ ಹಳೆಯದರ ಮೇಲೆ ಹೊಸದು. ತೊಲೆಯನ್ನು ಮಳೆಯಾಗಲಿ ಗೆದ್ದಲಾಗಲಿ ಮುರಿದಿರಲಿಲ್ಲ, ಮನೆಯವರ ಅಕ್ಕರೆಯೇ ಸೀಳಿತ್ತು. ಅತಿಯಾದರೆ ಅಮೃತವೂ ವಿಷ. ಇನ್ನು ಆ ಮಣ್ಣು ಮಳೆ ಕುಡಿದರೆ ಗತಿಯೇನು?

“ಇಳಿಸಾಣ ಅಂತ ಹೋದ ವರ್ಷದಿಂದ ಹೇಳ್ತಾ ಇದೀನಿ” ಎಂದಳು ಶೋಭಾ.

ಅವಳ ಅತ್ತೆ ಈರಮ್ಮ ಕಂಬಕ್ಕೆ ಒರಗಿ ಕೂತಿದ್ದರು. “ಮಾಳಿಗೆ ಮಣ್ಣು ಇಳಿಸೋದು ಅಂದ್ರೆ ಮನೆತನ ಇಳಿಸಿದಂಗೆ ಕಣೇ. ನಮ್ಮತ್ತೆ ಇಳಿಸಲಿಲ್ಲ, ನಾನೂ ಇಳಿಸಲ್ಲ.”

“ಮನೆನೇ ಬಿದ್ರೆ ಮನೆತನ ಎಲ್ಲೈತವ್ವ?” ಎಂದರು ತಿಪ್ಪೇಸ್ವಾಮಿ.

“ಬೀಳಲ್ಲ ಕಣಪ್ಪ. ಹೊಸಾ ಮಣ್ಣು ಹಾಕು, ತಡಕಂತೈತೆ.”

ಗುಡುಗು ಕೇಳಿಸಿತು. ಗಾಳಿ ಬೀಸಿ ಬೆಳಕಿಂಡಿಯಿಂದ ಧೂಳು ಸುರಿಯಿತು. ಶೋಭಾ ಒಲೆ ಆರಿಸಿ, ಪಾತ್ರೆಗಳನ್ನು ರೊಪ್ಪಕ್ಕೆ ಸಾಗಿಸತೊಡಗಿದಳು. ನಾನೂ ಒಂದು ಹಂಡೆ ಹಿಡಿದೆ. ಆಗ ತಲೆಯ ಮೇಲೆ ಲಟ್ಟೆಂದು ಸದ್ದಾಯಿತು. ಹಸು ಹಗ್ಗ ಜಗ್ಗಿ ಅರಚಿತು. ನಿಜ ಹೇಳುತ್ತೇನೆ, ಹಂಡೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದೆ.

ತಿಪ್ಪೇಸ್ವಾಮಿ ಹಸುವನ್ನು ಬಿಚ್ಚಿ ಹೊರಗಟ್ಟಿದರು. ಕಣದಲ್ಲಿ ಬಿದ್ದಿದ್ದ ಮರದ ದಿಮ್ಮಿಗಳನ್ನು ತಂದು ಸೀಳಿದ ತೊಲೆಗೆ ಆಸರೆ ಕೊಟ್ಟರು. ಈರಮ್ಮ ಮಾತ್ರ ಒಳಗೇ ನಿಂತು ತೊಲೆ ನೋಡುತ್ತಿದ್ದರು. ಸೊಸೆ ಕೈ ಹಿಡಿದು ಎಳೆದಳು. ಹೊರಗೆ ಬಂದವರೇ ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಹಿಡಿದು, ಮಾಳಿಗೆಗೆ ಒರಗಿಸಿದ್ದ ಏಣಿಗೆ ಕಾಲಿಟ್ಟರು.

“ಅವ್ವಾ, ನೀನು ಬ್ಯಾಡ, ನಾನು ಹತ್ತೀನಿ!”

“ಹಾಕಿದ್ದು ನನ್ನ ಕೈ. ಮೊದಲ ಸಲಿಕೆ ನಂದೇ ಆಗಬೇಕು. ಆಮ್ಯಾಲೆ ನೀನು ಎಳಿ.”

ಗೋಡೆಯ ಮೇಲೇ ನಿಂತು, ನಡುಮಾಳಿಗೆಗೆ ಕಾಲಿಡದೆ, ತಾಯಿ ಮಗ ಮಣ್ಣು ಎಳೆದು ಅಂಗಳಕ್ಕೆ ನೂಕಿದರು. ಶೋಭಾಳೂ ನಾನೂ ಕೆಳಗೆ ಬಿದ್ದ ಮಣ್ಣನ್ನು ಪಕ್ಕಕ್ಕೆ ಸರಿಸಿದೆವು. ಕೆಂಪು, ಕಪ್ಪು, ಮತ್ತೆ ಕೆಂಪು; ಪದರ ಪದರವಾಗಿ ವರ್ಷಗಳು ಬಂದು ಬಿದ್ದವು. ಮೋಡ ತಲೆಯ ಮೇಲಿತ್ತು. ಪ್ರತಿ ಸಲಿಕೆಗೂ ತೊಲೆ ಏನನ್ನುತ್ತದೋ ಎಂದು ಕಿವಿಗೊಟ್ಟೆ.

ಇದ್ದಕ್ಕಿದ್ದಂತೆ ಈರಮ್ಮ ಮಗನ ಸಲಿಕೆ ತಡೆದರು. ಕೆಳಗೆ ಬೂದಿಯಂಥ ಬಿಳಿ ಮಣ್ಣು ಕಂಡಿತ್ತು. “ನಿಲ್ಲಿಸಪ್ಪ. ಇದು ಕರ್ಲು. ನಾನು ಮದುವೆಯಾಗಿ ಬಂದ ವರ್ಷ ನಮ್ಮಪ್ಪ ಬಾಗೂರಿಂದ ಗಾಡಿ ಮ್ಯಾಲೆ ಕಳಿಸಿದ್ದು. ನೀರು ಇಳಿಯಾಕೆ ಬಿಡಲ್ಲ ಇದು. ಇದರ ಕೆಳಗಿರೋದು ನಮ್ಮತ್ತೇದು. ಅದನ್ನ ಇಳಿಸಾಕೆ ನಾನ್ಯಾರು?”

ಮಳೆ ಹಿಡಿಯಿತು. ನಾವು ನಾಲ್ವರೂ ರೊಪ್ಪದ ತಗಡಿನ ಕೆಳಗೆ ಒತ್ತಿಕೊಂಡು ನಿಂತು ಮನೆಯನ್ನೇ ನೋಡಿದೆವು. ಮಳೆ ನಿಂತ ಮೇಲೆ ತಿಪ್ಪೇಸ್ವಾಮಿ ಒಬ್ಬರೇ ಒಳಗೆ ಹೋದರು. ಅವರು ಹೊರಬರುವವರೆಗೆ ಶೋಭಾ ನನ್ನ ಕೈ ಬಿಡಲಿಲ್ಲ. “ಒಂದು ಹನೀನೂ ಸೋರಿಲ್ಲ. ತೊಲೆ ಹಂಗೇ ಐತೆ. ನಾಳೆ ಬಡಿಗೇರನ್ನ ಕರೀತೀನಿ” ಎಂದರು. ನನಗೆ ಕಣ್ಣು ತುಂಬಿತು.

ಸಂಜೆಯ ಬಸ್ಸಿಗೆ ಹೊರಟೆ. ಬೈಕು ಹತ್ತಿ ತಿರುಗಿ ನೋಡಿದಾಗ ಅತ್ತೆ ಸೊಸೆ ಅಂಗಳದಲ್ಲಿ ಒದ್ದೆ ಮಣ್ಣಿನ ಗುಡ್ಡೆಯ ಪಕ್ಕ ನಿಂತಿದ್ದರು.

“ಅತ್ತೆ, ಬರೋ ವರ್ಷ ಮಣ್ಣು ನಾನು ಹಾಕ್ಲಾ?” ಎಂದು ಶೋಭಾ ಕೇಳುತ್ತಿದ್ದಳು.

ಈರಮ್ಮ ಮಾಳಿಗೆಯ ಬಿಳಿ ಅಂಚು ನೋಡಿದರು. “ಹಾಕವ್ವ. ಹಾಕೋ ಮುಂಚೆ ನಂದನ್ನ ಇಳಿಸಿಬಿಡು.”