ಬೆಟ್ಟಕ್ಕೆ ಕೊಟ್ಟ ಬೆಂಕಿ

ನಾನು ಮಾಲೂರಿನವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ನಂಗಲಿ ಕಡೆಯ ಒಂದು ಹಳ್ಳಿಗೆ ಬಂದೆ. ಊರಿನ ಮೂಡಲಿಗೇ ಬೆಟ್ಟ. ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಹಾಲಿನವಳು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಆ ವರ್ಷ ದೀಪಾವಳಿಯಿಂದೀಚೆಗೆ ಹನಿ ಮಳೆ ಬಿದ್ದಿರಲಿಲ್ಲ. ಬೆಟ್ಟದ ಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಹೊಗೆ ಎದ್ದಿತು. ಯಾರೂ ಗಾಬರಿಯಾಗಲಿಲ್ಲ. ಬಿಸಿಲೇರಿದಂತೆ ಗಾಳಿ ಬೆಟ್ಟ ಹತ್ತುತ್ತದೆ, ಅದರ ಜೊತೆ ಬೆಂಕಿಯೂ ಹತ್ತಿ ನೆತ್ತಿಯ ಬಂಡೆಯಲ್ಲಿ ತಾನೇ ಆರುತ್ತದೆ. ಪ್ರತಿ ಬೇಸಿಗೆ ಹೀಗೇ ಅಂತೆ.

ಸಂಜೆ ಆಂಧ್ರದ ಕಡೆ ಮೋಡ ಕಟ್ಟಿ ಗುಡುಗಿತು. ಮಳೆ ಬರಲಿಲ್ಲ, ಅದರ ಗಾಳಿ ಮಾತ್ರ ಬಂತು. ಬೆಟ್ಟದ ಮೇಲಿನಿಂದ ತಣ್ಣಗೆ, ರಭಸವಾಗಿ. ಅರ್ಧ ಬೆಟ್ಟದ ಪೊದೆಗಳಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಬೆಂಕಿ ಪಕ್ಕದ ಸುಡದ ಹುಲ್ಲಿಗೆ ಹಾರಿ, ಕೆಳಮುಖವಾಗಿ ಓಡಿ ಬಂತು. ನಾವು ಹೊಂಗೆ ಸೊಪ್ಪಿನಿಂದ ಬಡಿದು ಬಡಿದು ಮನೆಗಳನ್ನು ಉಳಿಸಿಕೊಂಡೆವು. ಮೇಕೆ ಕಾಯುವವನ ದೊಡ್ಡಿ ಮಾತ್ರ ಮರಿಗಳ ಸಮೇತ ಸುಟ್ಟುಹೋಯಿತು.

ಮಾರನೆಯ ದಿನ ಊರು ಅವನ ಮೇಲೆಯೇ ಬಿತ್ತು. ಮೇಕೆಗೆ ಹೊಸ ಚಿಗುರು ಬರಲಿ ಅಂತ ಅವನೇ ಹಚ್ಚಿದ್ದಾನೆ, ಊರು ಬಿಡಿಸಬೇಕು ಎಂದು ಅರಳಿಕಟ್ಟೆಯಲ್ಲಿ ಸೇರಿದರು. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ಹಿಂದಿನ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು ನಸುಕಿನಲ್ಲೇ ಎಲ್ಲಿಗೋ ಹೋಗಿ ಬಂದಿದ್ದರು. ಸೀರೆಯ ಅಂಚಿನ ತುಂಬ ಬೆಟ್ಟದ ಹುಲ್ಲಿನ ಮುಳ್ಳು. ಅದು ತಲೆಯಲ್ಲಿ ಕೊರೆಯುತ್ತಿತ್ತು.

“ನೆನ್ನೆ ಬೆಳಿಗ್ಗೆ ಎಲ್ಲೋಗಿದ್ರಿ ಅತ್ತೆ?”

ಅವರು ರಾಗಿ ಕೇರುವುದನ್ನು ನಿಲ್ಲಿಸಿದರು. “ನೀನು ಬಸುರಿ ಆದ್ರೆ ಬೆಟ್ಟಕ್ಕೆ ಬೆಂಕಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ ಕಣೇ. ನಮ್ಮತ್ತೇನೂ ಕೊಟ್ಟಿದ್ರು. ಬೆಳಿಗ್ಗೆ ಕೊಟ್ರೆ ಮೇಲಕ್ಕೇ ಹೋಗ್ತದೆ. ಗಾಳಿ ತಿರುಗ್ತದೆ ಅಂತ ಯಾರು ಕಂಡಿದ್ರು?”

ಬಸುರಿ ಎಂದು ನಾನು ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

“ಅವನನ್ನ ಊರು ಬಿಡಿಸ್ತಾವ್ರೆ. ನೀವು ಹೇಳ್ತೀರೋ, ನಾನು ಹೇಳ್ಲೋ?”

ಅತ್ತೆ ಮೊರ ಕೆಳಗಿಟ್ಟು ಎದ್ದರು. ನಾನು ಹಿಂದೆಯೇ ಹೋದೆ. ಕಟ್ಟೆಯ ಮುಂದೆ ನಿಂತು, “ನಾನೇ ಹಚ್ಚಿದ್ದು. ಸೊಸೆ ಬಸುರಿ, ಅದರ ಹರಕೆಗೆ” ಎಂದರು.

ಊರ ಹಿರಿಯರೊಬ್ಬರು ಅತ್ತೆಯನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದರು. “ಮಂಡಿ ನೋವಿನೋಳು ನೀನು ಬೆಟ್ಟಕ್ಕೆ ಹೋಗಿದ್ಯಾ? ದಿನಾ ಸೌದೆಗೆ ಹೋಗೋಳು ಈ ಮಾಲೂರೋಳು. ಇವಳು ಮಾಡಿದ್ದನ್ನ ಮುಚ್ಚಾಕಕ್ಕೆ ಬಂದಿದ್ದೀಯ.”

ಅತ್ತೆ ಆಣೆ ಇಟ್ಟರು. ಆಣೆ ಇಟ್ಟಷ್ಟೂ ಜನರ ಅನುಮಾನ ಗಟ್ಟಿಯಾಯಿತು. ಕೊನೆಗೆ ಬಸುರಿ ಹೆಂಗಸು ಎಂದು ನನ್ನನ್ನು ಬಿಟ್ಟರು, ಮೇಕೆಯವನನ್ನೂ ಬಿಟ್ಟರು.

ಮುಂದಿನ ಶಿವರಾತ್ರಿಯ ಹೊತ್ತಿಗೆ ಹುಲ್ಲು ಮತ್ತೆ ಒಣಗಿತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸೌದೆಗೆ ಹೋದರೆ ಮೇಕೆಯವನು ಮೇಕೆಗಳನ್ನು ಬಿಟ್ಟು ನನ್ನ ಹಿಂದೆ ಬರುತ್ತಿದ್ದ. ಒಂದು ದಿನ ರೇಗಿ ತಿರುಗಿ ನಿಂತೆ.

“ಯಾಕ್ಲಾ ಹಿಂದೆ ಬೀಳ್ತೀಯ?”

“ಏಮೀ ಲೇದಮ್ಮಾ,” ಏನೂ ಇಲ್ಲ ಎಂದು ತೆಲುಗಿನಲ್ಲಿ ತಡವರಿಸಿದ. “ಆ ಸೆರಗಿನ ಗಂಟು ಒಸಿ ಬಿಚ್ಚಿ ತೋರ್ಸಮ್ಮಾ. ಬೆಂಕಿಪೊಟ್ಣ ಐತೇನೋ ಅಂತ.”

ಬಿಚ್ಚಿ ತೋರಿಸಿದೆ. ಎಲೆ ಅಡಿಕೆ ಇತ್ತು, ಅಷ್ಟೇ. ಅವನು ನೋಡಿದ, ತಲೆಯಾಡಿಸಿದ. ಆಮೇಲೂ ನಾನು ಬೆಟ್ಟ ಇಳಿಯುವವರೆಗೆ ಹಿಂದೆಯೇ ಬಂದ.